ಗಾಡಿ ನಿಂತಿತ್ತು ಎಂದ ಅಕ್ಕೋರು

ನಮ್ಮ ಓಣಿಯ ಅಕ್ಕೋರು ಈ ಸಲದ ಚಳಿಗಾಲದಲ್ಲಿ ರಾಮದುರ್ಗದಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಬೈಲಹೊಂಗಲದಿಂದ ನಾವು ಒಂದು ಗಾಡಿ ತುಂಬ ಜನ ಮಣ್ಣಿಗೆ ಹೋದೆವು. ಗಾಡಿ ನನ್ನದೇ, ನಡೆಸಿದವನೂ ನಾನೇ. ದಾರಿಯುದ್ದಕ್ಕೂ ಹಿಂದೆ ಕುಳಿತವರು ಅವರ ಮಾತನ್ನೇ ಆಡುತ್ತಿದ್ದರು. ಓಣಿಯ ಅರ್ಧ ಮಂದಿಗೆ ಓದು ಬರಹ ಕಲಿಸಿದವರು ಅವರು. ಆದರೆ ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ಎಲ್ಲರೂ ‘ಕರೆಂಟ್ ಕಾರಿನ ಅಕ್ಕೋರು’ ಎಂದೇ ಅಂದರು. ಆ ಕಾರು ದಿನಾ ಒಂದು ಕೊಡ ನೀರು ಕುಡಿಯುತ್ತಿತ್ತು ಎಂದು ಒಬ್ಬರು ಹೇಳಿದರು, ಇನ್ನೊಬ್ಬರು ಹೌದೌದು ಅಂದರು.

ಕಾರು ನೀರು ಕುಡಿಯುತ್ತಿರಲಿಲ್ಲ. ಆ ಮಾತು ಎಲ್ಲಿ ಹುಟ್ಟಿತು ಎಂದು ನನಗೆ ಗೊತ್ತು. ಅಕ್ಕೋರು ಇದ್ದಿದ್ದರೆ, ‘ನೀವ್ ಕಣ್ಣಾರೆ ನೋಡೀರೇನು?’ ಎಂದು ಕೇಳುತ್ತಿದ್ದರು. ಅವರು ಇಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ಇವರು ನಿವೃತ್ತರಾದ ಮೇಲೂ ಅಕ್ಕೋರಾಗಿಯೇ ಉಳಿದರು. ಗಿಡ್ಡ ಆಳು, ದೊಡ್ಡ ದನಿ. ಮಾತಾಡುವಾಗ ಹೆಬ್ಬೆರಳು ತೋರುಬೆರಳು ತಿಕ್ಕುತ್ತಿದ್ದರು, ಬೆರಳಲ್ಲಿ ಇನ್ನೂ ಬೋರ್ಡಿನ ಮೇಲೆ ಬರೆಯುವ ಖಡು ಇದೆಯೇನೋ ಅನ್ನುವ ಹಾಗೆ. ಯಾರಾದರೂ ಸುದ್ದಿ ತಂದರೆ, ನೋಡಿದ್ದೋ ಕೇಳಿದ್ದೋ ಎಂದು ಮೊದಲು ವಿಚಾರಿಸುತ್ತಿದ್ದರು. ಕೇಳಿದ್ದು ಅಂದರೆ ಯಾರಿಂದ ಎನ್ನುತ್ತಿದ್ದರು. ಹೀಗಾಗಿ ಓಣಿಯ ಹೆಂಗಸರು ಅವರ ಮುಂದೆ ಹೆಚ್ಚು ಸುದ್ದಿ ಹೇಳುತ್ತಿರಲಿಲ್ಲ.

ನಾನು ಚಿಕ್ಕವನಿದ್ದಾಗಲೇ ಸಾಲಿ ಬಿಟ್ಟು ಗಾಡಿ ತೊಳೆಯಲು ಹೋದವನು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ನನ್ನನ್ನು ಹಿಡಿದು ಕೂರಿಸಿ ಹತ್ತನೆಯ ತರಗತಿ ಪಾಸು ಮಾಡಿಸಿದವರು ಇವರೇ. ಅವರ ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು. ನಾನು ಲೆಕ್ಕ ತಪ್ಪಿದಾಗಲೆಲ್ಲ ಒಳಗಿನಿಂದ, ‘ಮೌಲಾನ್ನ ಇಲ್ಲೇ ಇಳಸಬ್ಯಾಡ್ರಿ ಅಕ್ಕೋರ, ಇನ್ನೊಂದ್ ಸ್ಟಾಪ್ ಕರ್ಕೊಂಡ್ ಹೋಗ್ರಿ’ ಎನ್ನುತ್ತಿದ್ದರು. ಹೆಂಡತಿಯನ್ನು ಅವರೂ ಅಕ್ಕೋರು ಎಂದೇ ಕರೆಯುತ್ತಿದ್ದರು.

ಆ ಯಜಮಾನರ ಮೂತ್ರಪಿಂಡ ಕೆಟ್ಟಿತು. ವಾರಕ್ಕೆ ಎರಡು ಸಲ ರಕ್ತ ಶುದ್ಧ ಮಾಡಿಸಬೇಕಾಯಿತು. ಹೃದಯದ ತೊಂದರೆಯೂ ಇದ್ದದ್ದರಿಂದ ಧಾರವಾಡದ ವೈದ್ಯರು ತಮ್ಮಲ್ಲಿಗೇ ಬರಬೇಕೆಂದರು. ಹೋಗುವಾಗ ಬಸ್ಸು ನಡೆಯುತ್ತಿತ್ತು. ಬರುವಾಗ ಅವರಿಗೆ ನಿಲ್ಲಲು ಆಗುತ್ತಿರಲಿಲ್ಲ. ಜೀವಮಾನವೆಲ್ಲ ಬಸ್ಸಿನಲ್ಲಿ ನಿಂತೇ ಕೆಲಸ ಮಾಡಿದ ಮನುಷ್ಯನಿಗೆ ಸೀಟು ಕೇಳಲು ನಾಚಿಕೆ. ಕೆಲವು ತಿಂಗಳು ನನ್ನ ಗಾಡಿಯನ್ನೇ ಬಾಡಿಗೆಗೆ ಹಿಡಿದರು. ಒಂದು ದಿನ ಅಕ್ಕೋರು, ‘ಮೌಲಾ, ನಿನ್ನ ಬಾಡಿಗಿ ತಪ್ಪಸಾಕ ಹೊಂಟೇನಿ. ಸಿಟ್ಟಾಗಬ್ಯಾಡ. ನನಗ ಗಾಡಿ ಹೊಡಿಯೂದ್ ಕಲಸು’ ಅಂದರು.

ಮಾರುಕಟ್ಟೆಯ ಬಯಲಿನಲ್ಲಿ ಹರಾಜು ಇಲ್ಲದ ದಿನ ಕಲಿಸಿದೆ. ಬೆಳಗಾವಿಯವರೊಬ್ಬರು ಬಳಸಿದ್ದ ಸಣ್ಣ ಎಲೆಕ್ಟ್ರಿಕ್ ಕಾರು ಕೊಂಡರು. ಡೀಸೆಲ್ಲಿನ ಖರ್ಚಿಲ್ಲದೆ ವಾರಕ್ಕೆರಡು ಸಲ ಹೋಗಿ ಬರಬೇಕಿತ್ತು, ಅಷ್ಟೇ ಅವರ ಲೆಕ್ಕ. ತಿರುಗಿಸುವ ಮೊದಲು ‘ಈಗ ಎಡಕ್ಕ’ ಎಂದು ಗಟ್ಟಿಯಾಗಿ ಹೇಳಿಯೇ ತಿರುಗಿಸುತ್ತಿದ್ದರು. ಇಂಡಿಕೇಟರ್ ಹಾಕಿದರೂ ಹೇಳುತ್ತಿದ್ದರು.

ಕಾರು ಬಂದ ವಾರದಿಂದಲೇ ಮಾತು ಶುರುವಾದವು. ಚಹಾದ ಅಂಗಡಿಯಲ್ಲಿ ಕೂತರೆ ದಿನಕ್ಕೊಂದು ಕೇಳುತ್ತಿದ್ದೆ. ನಮ್ಮ ಕಡೆಯ ಬಿಸಿಲಿಗೆ ಬ್ಯಾಟರಿ ಹಪ್ಪಳದ ಹಾಗೆ ಉಬ್ಬುತ್ತದೆ. ಗುಡುಗು ಬಂದರೆ ಸಿಡಿಲು ಹುಡುಕಿಕೊಂಡು ಬರುತ್ತದೆ. ಬಸುರಿಯರು ಅದರಲ್ಲಿ ಕೂರಬಾರದು. ಅದನ್ನು ಚಾರ್ಜಿಗೆ ಹಚ್ಚಿದರೆ ಓಣಿಯ ಫ್ಯಾನುಗಳೆಲ್ಲ ನಿಧಾನ ಆಗುತ್ತವೆ. ಕರೆಂಟು ಹೋದರೆ ಅಕ್ಕೋರು ಎತ್ತು ಹೂಡಬೇಕಷ್ಟೇ ಎಂದು ಒಬ್ಬ ನಕ್ಕ. ಅವನಿಗೆ ಮರುದಿನವೇ ಅಕ್ಕೋರು ತಾವಾಗಿಯೇ, ‘ಜೋಡೆತ್ತ ನಿನ್ನಲ್ಲೆ ಅದಾವಲ್ಲ, ತಯಾರ್ ಇಡಪಾ’ ಎಂದು ಹೇಳಿ ಹೋದರು.

ಇನ್ನು ನೀರಿನ ಮಾತು. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಆ ಕಾರಿನ ಚಾರ್ಜರ್ ಕೆಂಪು ದೀಪ ಹಚ್ಚಿಕೊಂಡು ಕೂತುಬಿಡುತ್ತಿತ್ತು. ಅರ್ಥಿಂಗ್ ಅಂದರೆ ಗೋಡೆಯ ಬುಡದಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ, ತಂತಿ ಹುಗಿದಿರುತ್ತಾರಲ್ಲ, ಅದು. ಬೇಸಿಗೆಯಲ್ಲಿ ನಮ್ಮ ಎರೆ ಮಣ್ಣು ಒಣಗಿ ಬಿರುಕು ಬಿಟ್ಟಾಗ ಆ ಗುಂಡಿಯೂ ಒಣಗುತ್ತದೆ. ನೀರು ಹಾಕಿರಿ ಎಂದು ವಾಯರ್‌ಮನ್ ಹೇಳಿದ. ಅಕ್ಕೋರು ದಿನಾ ಸ್ನಾನ ಮಾಡಿ, ಒಂದು ಕೊಡ ನೀರು ತಂದು ಗುಂಡಿಗೆ ಸುರಿಯುತ್ತಿದ್ದರು. ಗುಂಡಿ ಇದ್ದದ್ದು ಕಾರಿನ ಮುಂದಿನ ಗಾಲಿಯ ಮಗ್ಗುಲಲ್ಲೇ. ನಲ್ಲಿಗೆ ಹೋಗುವ ಹೆಂಗಸರು ದೂರದಿಂದ ನೋಡಿದರು. ವಾರವಾಗುವುದರಲ್ಲಿ ರಾಮದುರ್ಗದಿಂದ ಮಗಳು ಫೋನ್ ಮಾಡಿ, ‘ಯವ್ವಾ, ನಿನ್ನ ಗಾಡಿ ಕಾಯ್ದು ಸಿಡಿಯೂಹಂಗ ಆಗೇತಂತ, ದಿನಾ ನೀರ್ ಹಾಕಿ ಆರಸತೀಯಂತ?’ ಎಂದು ಅತ್ತಳು.

ಅಕ್ಕೋರು ಹೆಂಗಸರನ್ನು ಕರೆದು ಗುಂಡಿಯ ಮುಚ್ಚಳ ತೆಗೆದು ತೋರಿಸಿದರು. ಎಲ್ಲರೂ ಬಗ್ಗಿ ನೋಡಿದರು. ಹಾಗಾದರೆ ನೀರು ಕುಡಿಯುವುದು ಗಾಡಿ ಅಲ್ಲ, ಭೂಮಿತಾಯಿ ಎಂದು ಒಬ್ಬಾಕೆ ಅಂದಳು. ಅದು ಬರೋಬ್ಬರಿ ಎಂದರು ಅಕ್ಕೋರು. ಆದರೂ ಜನರಿಗೆ ಮೊದಲಿನ ಕತೆಯೇ ಹಿಡಿಸಿತ್ತು. ಇಷ್ಟು ಮಾತ್ರ ಲಾಭವಾಯಿತು: ಕಿತ್ತೂರಿನವರೊಬ್ಬರು ಕೆಂಪು ದೀಪ ನೋಡಿ ಬ್ಯಾಟರಿಯೇ ಹೋಯಿತೆಂದು ಕಾರು ಮಾರಲು ನಿಂತಿದ್ದರು. ಅಕ್ಕೋರು ಹೇಳಿದ ಮೇಲೆ ನಾಲ್ಕು ದಿನ ಗುಂಡಿಗೆ ನೀರು ಹಾಕಿದರು, ಮಾರುವ ಮಾತು ಬಿಟ್ಟರು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಇಂಥ ಕಾರಿನವರು ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಅದರ ಮುಂದಾಳು ಸವದತ್ತಿಯಲ್ಲಿ ಪಂಪ್‌ಸೆಟ್ ಮಾರುವ ಬಸವರಾಜ. ಒಳ್ಳೆಯ ಮನುಷ್ಯ, ಬಿಸಿ ರಕ್ತ. ಯಾರು ಏನಂದರೂ ಉತ್ತರ ಬರೆಯುವವನು. ಮುನವಳ್ಳಿ ಕಡೆ ಒಂದು ಕರೆಂಟ್ ಕಾರು ಮನೆಯ ಮುಂದೆಯೇ ಸುಟ್ಟುಹೋಯಿತು ಎಂದು ಸುದ್ದಿ ಹಬ್ಬಿದಾಗ ಅವನು, ಇದು ಶುದ್ಧ ಸುಳ್ಳು, ಎಲ್ಲರಿಗೂ ಕಳಿಸಿರಿ ಎಂದು ಬರೆದ. ನೀನು ಹೋಗಿ ನೋಡಿದ್ದೀಯಾ ಎಂದು ಅಕ್ಕೋರು ಕೇಳಿದರು. ಅವನು ಹೋಗಿರಲಿಲ್ಲ.

ಭಾನುವಾರ ಇವರು ಹೊರಟೇಬಿಟ್ಟರು. ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ. ಯಜಮಾನರು ಹಿಂದೆ, ನಾನು ಮುಂದೆ. ಕೇಳುತ್ತಾ ಕೇಳುತ್ತಾ ಹೋದಾಗ ಮುನವಳ್ಳಿಯ ಆಚೆ ಆ ಮನೆ ಸಿಕ್ಕಿತು. ಗೋಡೆ ಮಾಳಿಗೆಯವರೆಗೆ ಕಪ್ಪಾಗಿತ್ತು. ಸುಟ್ಟದ್ದು ಕಾರಲ್ಲ, ಕರೆಂಟಿನ ಸ್ಕೂಟರ್. ಮನೆಯಾತ ಪಾಪ ಎಲ್ಲ ಹೇಳಿದ. ತುಂಡು ವಾಯರುಗಳನ್ನು ಟೇಪು ಸುತ್ತಿ ಜೋಡಿಸಿ, ಒಳಗಿನಿಂದ ಗೋಣಿ ಚೀಲಗಳ ಮೇಲೆ ಹಾಯಿಸಿ, ಬಿಸಿಲಿನಲ್ಲಿ ನಿಂತ ಸ್ಕೂಟರಿಗೆ ಹಚ್ಚಿದ್ದನಂತೆ. ವಾಯರ್ ಮೊದಲು ಹೊತ್ತಿತೋ ಬ್ಯಾಟರಿಯೋ ಅವನಿಗೂ ಗೊತ್ತಿರಲಿಲ್ಲ. ಅಕ್ಕೋರು ಅವನನ್ನು ಬಯ್ಯಲಿಲ್ಲ. ಕೈ ಸುಟ್ಟಿದೆಯೇನು ಎಂದು ವಿಚಾರಿಸಿ, ನಮ್ಮ ಬುತ್ತಿಯಲ್ಲೇ ಅವನಿಗೂ ಎರಡು ರೊಟ್ಟಿ ಕೊಟ್ಟರು.

ಊರಿಗೆ ಬಂದವರೇ ಬಸವರಾಜನಿಗೆ ಫೋನ್ ಹಚ್ಚಿದರು. ‘ಸುಟ್ಟದ್ದು ಖರೇ ಐತಿ. ಕಾರಲ್ಲ, ಸ್ಕೂಟರ್. ನೀವು ಸುಳ್ಳಂತ ಬರದದ್ದನ್ನ ತಗೀರಿ.’

‘ಅಕ್ಕೋರ, ನಮ್ಮ ಕಾಲ ಮ್ಯಾಲೆ ನಾವ ಕೊಡ್ಲಿ ಹಾಕ್ಕೊಂಡಂಗ ಆಕ್ಕೈತ್ರಿ’ ಅಂದ ಅವನು. ಆದರೂ ತೆಗೆದ. ಮರುದಿನ ಅಕ್ಕೋರು ವಾಯರ್‌ಮನ್‌ನನ್ನು ಕರೆಸಿ ತಮ್ಮ ಮನೆಯ ಹಳೆಯ ವಾಯರ್ ಕೀಳಿಸಿ ಹೊಸದು ಹಾಕಿಸಿದರು. ಓಣಿಯಲ್ಲಿ ಯಾರು ಕೇಳಿದರೂ ಮುನವಳ್ಳಿಯಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಹೇಳಿದರು, ಗೋಣಿ ಚೀಲವನ್ನೂ ಬಿಡಲಿಲ್ಲ.

ಅದರಿಂದಲೇ ತೊಂದರೆ ಬಂತು. ಅವರ ಮನೆಯ ಗೋಡೆಗೆ ಅಂಟಿಕೊಂಡೇ ಹತ್ತಿ ವ್ಯಾಪಾರದ ಸಾವಕಾರರ ಗೋದಾಮು. ಬೀಜ ತೆಗೆದ ಅರಳೆ ಮಾಳಿಗೆವರೆಗೆ ತುಂಬಿರುತ್ತದೆ. ಸಾವಕಾರರು ಅದುವರೆಗೆ ಕಾರಿನ ಬಗ್ಗೆ ಒಂದು ಮಾತೂ ಅಂದವರಲ್ಲ. ಗೋಣಿ ಚೀಲ ಹೊತ್ತಿದ ಸುದ್ದಿ ಕೇಳಿ ತಾವೇ ನಡೆದು ಬಂದರು. ಅವರ ತಂದೆಯ ಕಾಲದಲ್ಲಿ ಯಾರೋ ಸೇದಿ ಒಗೆದ ಬೀಡಿಯಿಂದ ಇಡೀ ಗೋದಾಮು ಹೋಗಿತ್ತು. ಆ ಮನೆತನ ಎದ್ದು ನಿಲ್ಲಲು ಒಂದು ತಲೆಮಾರು ಹಿಡಿಯಿತು. ಗೋದಾಮಿನ ಮಗ್ಗುಲಲ್ಲಿ ಚಾರ್ಜು ಬೇಡ ಎಂದು ಕೈ ಮುಗಿದು ಹೇಳಿದರು. ಆದರೆ ಅಕ್ಕೋರ ಮನೆಗೆ ಕಾರು ನಿಲ್ಲುವ ಜಾಗ ಅದೊಂದೇ. ಆ ಕಡೆ ಸಂದಿ, ಈ ಕಡೆ ರಸ್ತೆ. ಅಲ್ಲಿ ಚಾರ್ಜು ಇಲ್ಲ ಅಂದರೆ ಯಜಮಾನರು ಧಾರವಾಡಕ್ಕೆ ಹೋಗುವುದು ಹೇಗೆ? ಮತ್ತೆ ಬಸ್ಸು. ಕೊನೆಗೆ ಮುಂದಿನ ಸೋಮವಾರ ಗುಡಿಯ ಕಟ್ಟೆಯ ಮೇಲೆ ಓಣಿಯವರು ಕೂತು ಮಾತಾಡುವುದೆಂದು ಆಯಿತು.

ಅದೇ ವಾರ ಕಾರು ನಿಂತಿತು.

ಶಿವರಾತ್ರಿ ಆಗಿ ಬಿಸಿಲು ಏರಿತ್ತು. ಧಾರವಾಡಕ್ಕೆ ಹೋಗುವ ಹಿಂದಿನ ದಿನ ರಾಮದುರ್ಗಕ್ಕೆ ಹೋಗಿ ಬಂದಿದ್ದರು. ಆ ಸಂಜೆ ಲೈನ್ ದುರಸ್ತಿಗೆಂದು ತೆಗೆದ ಕರೆಂಟು ಬೆಳಗಿನವರೆಗೆ ಬರಲಿಲ್ಲ. ಬ್ಯಾಟರಿ ಅರ್ಧಕ್ಕಿಂತ ಕಡಿಮೆ ಇತ್ತು. ಚಿಕಿತ್ಸೆಯ ದಿನ ತಪ್ಪಿಸುವ ಹಾಗಿಲ್ಲ. ಕಿತ್ತೂರಿನ ಹತ್ತಿರ ಹೆದ್ದಾರಿಯ ಹೋಟೆಲೊಂದರ ಮುಂದೆ ಚಾರ್ಜಿಂಗ್ ಯಂತ್ರ ಇದೆ, ಬರುವಾಗ ಅಲ್ಲಿ ಹಾಕಿಕೊಂಡರಾಯಿತು ಎಂದು ಹೊರಟರು. ಬರುವಾಗ ನೋಡಿದರೆ ಯಂತ್ರದ ದೀಪ ಉರಿಯುತ್ತಿದೆ, ಕರೆಂಟು ಬರುತ್ತಿಲ್ಲ. ಹೋಟೆಲಿನವರಿಗೆ ಅದರ ಬಗ್ಗೆ ಏನೂ ಗೊತ್ತಿಲ್ಲ. ಫೋನ್ ಎತ್ತಿದವರು ನಾಳೆ ಬರುತ್ತೇವೆ ಅಂದರು. ಎ.ಸಿ. ಆರಿಸಿ, ಮೆಲ್ಲಗೆ ಹೋದರೆ ಮನೆ ಮುಟ್ಟಬಹುದು ಎಂದು ಹೊರಟರು. ಮುಟ್ಟಲಿಲ್ಲ.

ನನಗೆ ಫೋನ್ ಬಂದಾಗ ನಾನು ಸವದತ್ತಿಯಲ್ಲಿದ್ದೆ. ಬಾಡಿಗೆಯವರನ್ನು ಇಳಿಸಿ ಬರುವುದರಲ್ಲಿ ಬಹಳ ಹೊತ್ತಾಗಿತ್ತು. ಕಾರು ರಸ್ತೆಯ ಅಂಚಿನಲ್ಲಿತ್ತು. ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಯಜಮಾನರು ಜಮಖಾನೆಯ ಮೇಲೆ ಮಲಗಿದ್ದರು. ಸೂಜಿ ಚುಚ್ಚಿದ ಕೈ ಎದೆಯ ಮೇಲಿತ್ತು. ತುಟಿ ಒಣಗಿ ಬೆಳ್ಳಗಾಗಿತ್ತು. ಆ ರೋಗದವರಿಗೆ ಬೇಕಾದಷ್ಟು ನೀರೂ ಕುಡಿಸುವ ಹಾಗಿಲ್ಲ. ಅಕ್ಕೋರು ಸೆರಗಿನಿಂದ ಗಾಳಿ ಹಾಕುತ್ತಿದ್ದರು. ನನ್ನನ್ನು ನೋಡಿ ಯಜಮಾನರು, ‘ಏನೂ ಆಗಿಲ್ಲ ಮೌಲಾ, ಇಲ್ಲೆ ಛಲೋ ಗಾಳಿ ಐತಿ’ ಅಂದರು. ಅವರನ್ನು ನನ್ನ ಗಾಡಿಯಲ್ಲಿ ಮನೆಗೆ ಕರೆತಂದೆ. ಅಕ್ಕೋರು ಕಾರು ಹೊತ್ತೊಯ್ಯುವ ಲಾರಿ ಬರುವವರೆಗೆ ಅಲ್ಲೇ ಕೂತರು.

ನಾನು ಯಾರಿಗೂ ಹೇಳಲಿಲ್ಲ. ಆದರೆ ರಸ್ತೆ ಅಂದ ಮೇಲೆ ಬಸ್ಸು ಹಾಯುತ್ತವೆ, ಬಸ್ಸಿನಲ್ಲಿ ನಮ್ಮೂರವರೇ ಇರುತ್ತಾರೆ.

ಭಾನುವಾರ ಬಸವರಾಜ ಸವದತ್ತಿಯಿಂದ ಬಂದ. ಯಾರಾದರೂ ಕೇಳಿದರೆ ಪಂಕ್ಚರ್ ಆಗಿತ್ತು ಎನ್ನಿರಿ ಎಂದ. ಅವನು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ನಾಲ್ಕು ತಾಲೂಕಿನಲ್ಲಿ ನಾವು ಇರುವವರೇ ಬೆರಳೆಣಿಕೆಯಷ್ಟು. ಅಕ್ಕೋರೇ ನಿಂತಿತು ಅಂದರೆ ನಾಳೆ ಎಲ್ಲ ಓಣಿಯಲ್ಲೂ ಇದೇ ಪಂಚಾಯ್ತಿ ಆಗುತ್ತದೆ ಎಂದ. ಜನ ಹತ್ತು ಸುಳ್ಳು ಹೇಳುವಾಗ ನಾವು ಒಂದು ಹೇಳಿದರೆ ಏನು ಎಂದೂ ಕೇಳಿದ. ಮಂಚದ ಮೇಲಿದ್ದ ಯಜಮಾನರು, ಬಸವರಾಜ ಹೇಳುವುದು ಬರೋಬ್ಬರಿ ಐತಿ ಅಂದರು. ಅಕ್ಕೋರು ಬೆರಳು ತಿಕ್ಕುತ್ತಾ ಕೂತಿದ್ದರು. ಚಹಾ ಕೊಟ್ಟು ಕಳಿಸಿದರು.

ಸೋಮವಾರ ಕಟ್ಟೆಯ ಮೇಲೆ ಹತ್ತು ಹದಿನೈದು ಜನ ಸೇರಿದರು. ಯಜಮಾನರನ್ನೂ ಕುರ್ಚಿ ಹಾಕಿ ಕೂರಿಸಿದ್ದರು. ಅಕ್ಕೋರು ಮೊದಲು ಹೊಸ ವಾಯರ್, ಅರ್ಥಿಂಗ್ ಎಲ್ಲ ವಿವರಿಸಿದರು. ಮಂದಿ ತಲೆಯಾಡಿಸುತ್ತಿದ್ದರು. ಮುಕ್ಕಾಲು ಜನ ಅವರ ಕೈಯಲ್ಲೇ ಕಲಿತವರು, ಎದುರು ಮಾತಾಡುವವರು ಯಾರೂ ಇರಲಿಲ್ಲ. ಕೆಲಸ ಆಯಿತು ಎಂದೇ ನಾನು ತಿಳಿದಿದ್ದೆ. ಆಗ ಸಾವಕಾರರು ಕೇಳಿದರು.

‘ಅಕ್ಕೋರ, ಒಂದ್ ಮಾತ್ ಕೇಳತೇನಿ, ತಪ್ಪ ತಿಳೀಬ್ಯಾಡ್ರಿ. ಮೊನ್ನೆ ಕಿತ್ತೂರ ದಾರ್ಯಾಗ ನಿಮ್ಮ ಗಾಡಿ ನಿಂತಿತ್ತಂತ. ಖರೇ ಏನ್ರಿ?’

ಯಜಮಾನರು ಹೆಂಡತಿಯ ಮುಖ ನೋಡಿದರು. ನಾನು ನೆಲ ನೋಡಿದೆ.

‘ನಿಂತಿತ್ತು’ ಅಂದರು ಅಕ್ಕೋರು. ‘ಬ್ಯಾಟ್ರಿ ಖಾಲಿ ಆಗಿ ನಿಂತಿತ್ತು. ಕಡಿಮಿ ಚಾರ್ಜ್ ಇದ್ದಾಗ ನಾ ಹೊಂಟದ್ದು ತಪ್ಪು. ದಾರ್ಯಾಗಿನ ಮಶೀನ್ ನಂಬಿದ್ದೆ, ಅದು ಕೆಟ್ಟಿತ್ತು.’

ಯಾರೋ ಗೊಳ್ಳೆಂದು ನಕ್ಕರು, ಇನ್ನೊಬ್ಬರು ಅವರನ್ನು ಸುಮ್ಮನಾಗಿಸಿದರು. ಸಾವಕಾರರು ನಗಲಿಲ್ಲ. ಹಾಗಾದರೆ ಬೆಂಕಿ ಎಂದೂ ಹತ್ತುವುದಿಲ್ಲ ಎಂದು ಹೇಳುತ್ತೀರೇನು ಎಂದು ಕೇಳಿದರು. ಅಕ್ಕೋರು, ಎಂದೂ ಹತ್ತುವುದಿಲ್ಲ ಅನ್ನಲು ನನಗೆ ಬರುವುದಿಲ್ಲ, ಹತ್ತದ ಹಾಗೆ ಏನು ಮಾಡಬೇಕೋ ಅಷ್ಟು ಮಾಡಿದ್ದೇನೆ ಅಂದರು.

ಸಾವಕಾರರು ಬಹಳ ಹೊತ್ತು ಟೊಪ್ಪಿಗೆ ಕೈಯಲ್ಲಿ ತಿರುಗಿಸಿದರು. ‘ನೀವ್ ಸುಳ್ಳ ಹೇಳಿದ್ರ ನಾ ಜಗಳಾ ತಗೀತಿದ್ದೆ ಅಕ್ಕೋರ. ಈಗ ಜಗಳಾ ಇಲ್ಲ. ಆದ್ರ ಅರಳಿ ಯಾರ ಮಾತೂ ಕೇಳೂದಿಲ್ರಿ. ಗೋದಾಮು ಖಾಲಿ ಆಗೂತನಕ ಬ್ಯಾಡ್ರಿ.’

ನಿಮ್ಮ ಅಂಜಿಕೆ ಖರೇ ಐತಿ ಎಂದು ಅಕ್ಕೋರು ಒಪ್ಪಿದರು. ಮನೆಗೆ ಹೋಗಿ ತಮ್ಮ ಕೈಯಿಂದಲೇ ಪ್ಲಗ್ ಕಿತ್ತರು. ಆ ದಿನ ಬಸವರಾಜ ಗುಂಪಿನಲ್ಲಿ ಏನೂ ಬರೆಯಲಿಲ್ಲ.

ಊರ ಹೊರಗೆ ಸವದತ್ತಿ ರಸ್ತೆಯಲ್ಲಿ ನಾನು ಗಾಡಿ ನಿಲ್ಲಿಸುವ ಒಂದು ತಗಡಿನ ಶೆಡ್ಡು ಇದೆ. ಕಾರನ್ನು ಅಲ್ಲಿಗೆ ತಂದರು. ಅಲ್ಲೂ ಒಂದು ಗುಂಡಿ ತೋಡಿ ಅರ್ಥಿಂಗ್ ಮಾಡಿದೆವು. ಯಜಮಾನರನ್ನು ಮನೆಯಲ್ಲಿ ಒಬ್ಬರನ್ನೇ ಬಿಟ್ಟು ಅಕ್ಕೋರು ಕಾರು ತರಲು ಹೋಗುವ ಹಾಗಿರಲಿಲ್ಲ. ಅಲ್ಲಿಂದ ಮುಂದೆ ಚಿಕಿತ್ಸೆಯ ದಿನ ಅವರು ಮನೆಯಿಂದ ಆಟೋದಲ್ಲಿ ಕುಲುಕಾಡುತ್ತಾ ಶೆಡ್ಡಿಗೆ ಬರಬೇಕು, ಬಂದ ಮೇಲೆ ಕಾರು ಹತ್ತಬೇಕು. ವಾಪಸು ಬಂದಾಗ, ಸುಸ್ತಾಗಿರುವಾಗ, ಮತ್ತೆ ಆಟೋ. ಮುಂಗಾರು ಬರುವ ಹೊತ್ತಿಗೆ ಅರಳೆ ಮಾರಿಹೋಗಿ ಸಾವಕಾರರು ತಾವೇ ಬಂದು ಗಾಡಿ ತರಲು ಹೇಳಿದರು. ಮತ್ತೆ ಹೊಸ ಅರಳೆ ಬಂದಾಗ ಅಕ್ಕೋರು ಯಾರೂ ಹೇಳುವ ಮೊದಲೇ ಶೆಡ್ಡಿಗೆ ತಂದರು. ಕುರಿ ಹಿಂಡಿನವರು ಹಂಗಾಮು ನೋಡಿ ಜಾಗ ಬದಲಿಸುವ ಹಾಗೆ, ಯಜಮಾನರು ಇರುವವರೆಗೂ ಹೀಗೇ ನಡೆಯಿತು. ಅವರು ತೀರಿದ ಮೇಲೆ ಅಕ್ಕೋರು ಕಾರು ಮಾರಿ ರಾಮದುರ್ಗಕ್ಕೆ ಹೋದರು.

ಜನ ಅವರನ್ನು ಕರೆಂಟ್ ಕಾರಿನ ಅಕ್ಕೋರು ಅನ್ನಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅವರು ಕಾರಿನ ಪರವಾಗಿ ಮಾತಾಡಿದವರು ಎಂದು ಹೇಳಿದರೆ ಅದು ಸರಿಯಲ್ಲ. ಶೆಡ್ಡಿಗೆ ತಂದ ಹೊಸದರಲ್ಲಿ ಒಂದು ಬೆಳಿಗ್ಗೆ ನಾನೂ ಅವರ ಜೊತೆ ಧಾರವಾಡಕ್ಕೆ ಹೋಗಿದ್ದೆ. ಅಕ್ಕೋರು ನಡೆಸುತ್ತಿದ್ದರು. ಆಟೋದ ಕುಲುಕಾಟಕ್ಕೆ ಯಜಮಾನರ ಸೊಂಟ ಹಿಡಿದಿತ್ತು. ಊರು ದಾಟಿದ ಮೇಲೆ ಹಿಂದಿನಿಂದ ಕೇಳಿದರು.

‘ಪಂಕ್ಚರ್ ಅನ್ನೂದು ಒಂದ ಮಾತ. ಅಂದಿದ್ರ ಗಾಡಿ ನಮ್ಮ ಬಾಗಲ್ದಾಗ ಇರ್ತಿತ್ತು. ಯಾಕ ಅನ್ನಲಿಲ್ಲ, ಅಕ್ಕೋರ?’

ಮುಂದೆ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿತ್ತು. ಅಕ್ಕೋರು ‘ಈಗ ಬಲಕ್ಕ’ ಎಂದು ಹೇಳಿ ಅದನ್ನು ದಾಟಿದರು.

‘ನೀವ್ ಅವತ್ತ ಆ ಬಿಸಲಾಗ ಗಿಡದ ಬುಡಕ ಬಿದ್ದಿದ್ರಿ. ಗಾಡಿ ನಿಂತೇ ಇಲ್ಲ ಅಂದ್ರ, ನಿಮಗ ಆದದ್ದೂ ಆಗೇ ಇಲ್ಲ ಅಂದಂಗ ಆತು. ನೀವ್ ಎದುರಿಗೆ ಕುಂತಿದ್ರಿ. ಹ್ಯಾಂಗ ಅನ್ಲಿ?’

ಕಿತ್ತೂರು ಬಂತು, ಹೆದ್ದಾರಿ ಹತ್ತಿದೆವು. ಯಜಮಾನರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಧಾರವಾಡ ಹತ್ತಿರವಾದಾಗ, ಯಾರಿಗೂ ಅಲ್ಲ ಅನ್ನುವ ಹಾಗೆ ಅಂದರು:

‘ಅವತ್ತ ಭಾಳ ತ್ರಾಸ ಆಗಿತ್ತ. ಹೋಗೇ ಬಿಡತೇನಿ ಅನಿಸಿತ್ತ.’

‘ಗೊತ್ತೈತ್ರಿ’ ಅಂದರು ಅಕ್ಕೋರು. ಮುಂದೆ ಹಂಪ್ ಇತ್ತು, ಗಾಡಿ ನಿಧಾನ ಮಾಡಿದರು.